ರಜೆಯ ಲೆಕ್ಕದಲ್ಲಿ ಎಂಟು ದಿನ: ಸೌತ್‌ಹಾಲ್‌ನಿಂದ ಕಡಮತ್‌ಗೆ

ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಜಿಲೇಬಿ ಕರಿಯುವ ಅಂಗಡಿ, ಲೆಹೆಂಗಾ ಅಂಗಡಿ, ಊರಿಗೆ ಹಣ ಕಳಿಸುವ ಅಂಗಡಿಗಳ ಸಾಲಿನಲ್ಲಿ ಟ್ರಾವೆಲ್ ಏಜೆಂಟರ ಅಂಗಡಿಗಳೂ ಇವೆ. ಜನವರಿಯ ಮಂಕು ಬೆಳಕಿನಲ್ಲಿ ಅವುಗಳ ಗಾಜಿನ ಮೇಲೆ ನೀಲಿ ಸಮುದ್ರದ ಚಿತ್ರಗಳು ಹೊಳೆಯುತ್ತಿರುತ್ತವೆ. ಮಾಲ್ಡೀವ್ಸ್, ಮಾರಿಷಸ್, ಬಾಲಿ. ಆದರೆ ಒಳಗೆ ಹೋಗಿ ನಿಂತರೆ ಹೆಚ್ಚಿನವರು ಕೇಳುತ್ತಿರುವುದು ಅಮೃತಸರದ ಟಿಕೆಟ್. ಇಲ್ಲಿರುವ ನಮ್ಮಂಥ ಕೆಲವು ಕನ್ನಡದ ಮನೆಗಳವರು ಕೇಳುವುದು ಬೆಂಗಳೂರಿನದು, ಇಲ್ಲವೇ ಮುಂಬೈ ಮೇಲೆ ಮಂಗಳೂರಿನದು. ನೀಲಿ ಸಮುದ್ರ ಗಾಜಿನ ಮೇಲೆಯೇ ಉಳಿಯುತ್ತದೆ. ಹೊರದೇಶದಲ್ಲಿ ದುಡಿಯುವವರಿಗೆ ರಜೆ ಎಂದರೆ ಊರು, ಅಷ್ಟೆ.

ನಾನು ಲೆಕ್ಕಪತ್ರದ ಮನುಷ್ಯ. ಆದ್ದರಿಂದ ಈ ರಜೆಯ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 28 ದಿನ ಸಂಬಳದ ರಜೆ. ಅದರಲ್ಲೇ ಎಂಟು ಬ್ಯಾಂಕ್ ಹಾಲಿಡೇಗಳನ್ನು ಸೇರಿಸಿಕೊಳ್ಳಲು ಮಾಲೀಕರಿಗೆ ಅವಕಾಶವಿದೆ. ಉಳಿಯುವುದು 20. ಜ್ವರ, ಮನೆ ರಿಪೇರಿ, ಕ್ರಿಸ್‌ಮಸ್ ಎಂದು ಐದು ದಿನ ಎತ್ತಿಟ್ಟರೆ 15. ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿಸಿದರೆ 23 ದಿನ. ಹೋಗಿ ಬರುವ ಪ್ರಯಾಣ ಕಳೆದರೆ 21. ಈ 21ರೊಳಗೆ ಉಡುಪಿಯಲ್ಲಿ ಅಮ್ಮ, ಮಂಗಳೂರಿನಲ್ಲಿ ಮಾವ, ಎರಡು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕಿನ ಕೆವೈಸಿ, ಹಲ್ಲಿನ ಡಾಕ್ಟರು. ಇದನ್ನು ಓದುತ್ತಿರುವ ನಿಮ್ಮ ಮಗನೋ ಸೊಸೆಯೋ ದುಬೈಯಲ್ಲೋ ಡಬ್ಲಿನ್‌ನಲ್ಲೋ ಕೂತು ಇದೇ ಲೆಕ್ಕ ಹಾಕುತ್ತಿರಬಹುದು. ಕಳೆದ ಫೆಬ್ರುವರಿಯಲ್ಲಿ ನಾವಿಬ್ಬರೂ ಈ 21ರಿಂದ ಎಂಟು ದಿನವನ್ನು ನಮಗಾಗಿ ತೆಗೆದಿಟ್ಟುಕೊಂಡೆವು. ಸಮುದ್ರದ ಅಡಿಗೆ ಹೋಗಿ ಮೀನು ನೋಡಲು.

ಫೆಬ್ರುವರಿಯೇ ಏಕೆಂದರೆ ಇಲ್ಲಿ ವೈಯಕ್ತಿಕ ತೆರಿಗೆ ಲೆಕ್ಕ ಸಲ್ಲಿಸಲು ಜನವರಿ 31 ಕೊನೆಯ ದಿನ. ಅಲ್ಲಿಯವರೆಗೆ ನನ್ನಂಥವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅರಬ್ಬಿ ಸಮುದ್ರವೂ ಆ ತಿಂಗಳಲ್ಲಿ ಶಾಂತವಾಗಿರುತ್ತದೆ.

ಇನ್ನು, ಮೀನು ಏಕೆ? ನನ್ನ ಹೆಂಡತಿ ಮಂಗಳೂರಿನವಳು. ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. 2021ರ ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ಹೋದವರು ಹಿಂದಿರುಗಿದರೆ ಹತ್ತು ದಿನ ಹೋಟೆಲಿನಲ್ಲಿ ಬಂಧಿ. ಅವಳ ವಾರ್ಡಿನಲ್ಲಿ ರಜೆಯ ಮಾತೇ ಇರಲಿಲ್ಲ. ಅದೇ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಅತ್ತೆ ತೀರಿಕೊಂಡರು. ನಾವು ಅವರನ್ನು ಕಳಿಸಿಕೊಟ್ಟದ್ದು ಫೋನಿನ ಪರದೆಯ ಮೇಲೆ. ಆಮೇಲೆ ಸುಮಾರು ಒಂದು ವರ್ಷ ಅವಳಿಗೆ ಸರಿಯಾಗಿ ನಿದ್ರೆ ಬರಲಿಲ್ಲ. ಯಾರೋ ಸಹೋದ್ಯೋಗಿ ಹೇಳಿದರೆಂದು ಇಲ್ಲಿಯ ಡಾರ್ಮರ್ಸ್ ವೆಲ್ಸ್‌ನ ಈಜುಕೊಳಕ್ಕೆ ಹೋಗತೊಡಗಿದಳು. ಕಡಲಿನ ಸದ್ದು ಕೇಳುತ್ತ ಬೆಳೆದವಳು, ಆದರೆ ಊರಿನ ಹೆಚ್ಚಿನ ಹೆಣ್ಣುಮಕ್ಕಳ ಹಾಗೆ ಮೊಣಕಾಲಿಗಿಂತ ಮೇಲೆ ಸಮುದ್ರವನ್ನು ಮುಟ್ಟಿದವಳಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಲಂಡನ್ನಿನ ಕ್ಲೋರಿನ್ ವಾಸನೆಯ ನೀರಿನಲ್ಲಿ ಈಜು ಕಲಿತಳು. ಈಜು ಬಂದ ಮೇಲೆ ನೀರಿನ ಕೆಳಗೆ ಏನಿದೆ ಎಂದು ನೋಡುವ ಆಸೆ ಅವಳದು. ಜೊತೆಗಾರನಾಗಿ ಹೋದವನು ನಾನು.

ಸ್ಕೂಬಾ ಡೈವಿಂಗ್ ಎಂದರೆ ಸಾಹಸಿಗಳ ಆಟ ಎಂಬ ಭಾವನೆ ನನಗಿತ್ತು. ಕಲಿತ ಮೇಲೆ ತಿಳಿಯಿತು, ಅದು ಎಚ್ಚರಿಕೆಯ ಮನುಷ್ಯರಿಗೆ ಹೇಳಿ ಮಾಡಿಸಿದ್ದು. ಮೊದಲ ಹಂತದ ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ನೀರಿನಲ್ಲಿ ತೇಲಿಕೊಂಡಿರಬೇಕು, ಆರೋಗ್ಯದ ಪ್ರಶ್ನೆಪತ್ರ ತುಂಬಬೇಕು. ಕೆಳಗೆ ಹೋದಂತೆ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಆಳದಲ್ಲಿ ಒಂದು ಉಸಿರಿಗೆ ಮೇಲಿನ ಎರಡು ಉಸಿರಿನಷ್ಟು ಗಾಳಿ ಬೇಕು. ಬೆನ್ನಿನ ಸಿಲಿಂಡರ್ 200 ಬಾರ್ ಒತ್ತಡದಿಂದ ಶುರುವಾಗುತ್ತದೆ, 50 ಉಳಿದಿರುವಾಗಲೇ ಮೇಲೆ ಬಂದಿರಬೇಕು. ಆ 50 ಖರ್ಚಿಗಲ್ಲ, ಆಪತ್ತಿಗೆ. ಮೀಸಲು ನಿಧಿಯನ್ನು ಮುಟ್ಟಬೇಡಿ ಎಂದು ಇಪ್ಪತ್ತು ವರ್ಷ ಕಕ್ಷಿದಾರರಿಗೆ ಹೇಳಿಕೊಂಡು ಬಂದವನಿಗೆ ಇದು ಬಹಳ ಇಷ್ಟವಾಯಿತು. ಉಳಿದ ನಿಯಮ ಒಂದೇ: ಉಸಿರು ಎಂದೂ ಹಿಡಿಯಬಾರದು. ಹಿಡಿದುಕೊಂಡು ಮೇಲೇರಿದರೆ ಶ್ವಾಸಕೋಶದಲ್ಲಿರುವ ಗಾಳಿ ಹಿಗ್ಗಿ ಒಡೆಯುತ್ತದೆ. ಇನ್ನು ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಪಾಠ ಮತ್ತು ಈಜುಕೊಳದ ಅಭ್ಯಾಸ ಲಂಡನ್‌ನಲ್ಲೇ ಮುಗಿಸಿದೆವು. ಇನ್ನು ತೆರೆದ ನೀರಿನಲ್ಲಿ ನಾಲ್ಕು ಡೈವ್ ಆಗಬೇಕು. ಇಲ್ಲಿಯವರು ಅದನ್ನು ನೀರು ತುಂಬಿದ ಹಳೆಯ ಕಲ್ಲುಗಣಿಗಳಲ್ಲಿ ಮಾಡುತ್ತಾರೆ. ಚಳಿಗಾಲದಲ್ಲಿ ಆ ನೀರಿಗೆ ಕೈ ಹಾಕಿದರೆ ಬೆರಳು ಜುಮ್ಮೆನ್ನುತ್ತದೆ. ಈ ಭಾಗವನ್ನು ಬೇರೆ ದೇಶದ ಬೆಚ್ಚಗಿನ ಸಮುದ್ರದಲ್ಲಿ ಮುಗಿಸಲು ಅವಕಾಶ ಇದೆ, ಕಾಗದಪತ್ರ ಕೊಡುತ್ತಾರೆ. ಹಾಗಾದರೆ ಎಲ್ಲಿ?

ಗೆಳೆಯರು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪ ಎಂದರು. ಹೆಸರು ಕೇಳಿ ನಗು ಬಂತು. ಸೌತ್‌ಹಾಲ್‌ನ ದೊಡ್ಡ ಗುರುದ್ವಾರ ಇರುವುದು ಹ್ಯಾವ್‌ಲಾಕ್ ರಸ್ತೆಯಲ್ಲಿ. 1857ರ ದಂಗೆಯನ್ನು ಅಡಗಿಸಿದ ಅದೇ ಜನರಲ್‌ನ ಹೆಸರು. ಆ ದ್ವೀಪ 2018ರಲ್ಲಿ ಸ್ವರಾಜ್ ದ್ವೀಪ ಆಯಿತು, ಈ ರಸ್ತೆಯ ಗುರುದ್ವಾರದ ಭಾಗವೂ ಈಚೆಗೆ ಗುರು ನಾನಕ್ ರಸ್ತೆ ಆಗಿದೆ. ಅದಿರಲಿ, ಅಂಡಮಾನ್ ನಮ್ಮ ಲೆಕ್ಕಕ್ಕೆ ದೂರವಾಯಿತು. ಒಂದು ಭಾನುವಾರ ನಕ್ಷೆ ಹರಡಿಕೊಂಡು ಕೂತಾಗ ಹೆಂಡತಿ ಮಂಗಳೂರಿನ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಎಳೆದಳು. ಬೆರಳು ನಿಂತದ್ದು ಲಕ್ಷದ್ವೀಪದ ಉತ್ತರ ಭಾಗದ ದ್ವೀಪಗಳ ಮೇಲೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ. ಕೊಚ್ಚಿಯಿಂದ ಕಡಮತ್‌ಗೆ 400 ಕಿ.ಮೀ.ಗೂ ಹೆಚ್ಚು. ಮಂಗಳೂರಿನಿಂದ ನೇರ ಗೆರೆ ಎಳೆದರೆ 300ಕ್ಕೂ ಕಡಿಮೆ.

ಈ ಐದು ದ್ವೀಪಗಳ ಕಥೆ ನಮ್ಮ ಕರಾವಳಿಯ ಹೊಸ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. ಒಟ್ಟಾಗಿ ಅಮಿನ್‌ದಿವಿ ಎಂದು ಅವುಗಳ ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಬೇಡವೆಂದು ಅಲ್ಲಿಯ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾಗಿ ಮಂಗಳೂರಿನ ಆಡಳಿತಕ್ಕೆ ಸೇರಿದವು. ಅಂದಿನಿಂದ 1956ರವರೆಗೆ ಅವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರು ಓಡಂ ಎಂಬ ಹಾಯಿ ಹಡಗುಗಳಲ್ಲಿ ತೆಂಗಿನ ನಾರು, ಕೊಬ್ಬರಿ ತಂದು ಬಂದರಿನಲ್ಲಿ ಇಳಿಸಿ ಅಕ್ಕಿ ಒಯ್ಯುತ್ತಿದ್ದರು. ಮರಳಿನ ಮೇಲೆ ಭತ್ತ ಬೆಳೆಯುವುದಿಲ್ಲವಲ್ಲ. 1956ರ ನವೆಂಬರ್ 1ರಂದು, ಅಂದರೆ ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಸೇರಿದವು. ಕಾಸರಗೋಡಿನ ಮಾತು ನಾವು ಇಂದಿಗೂ ಆಡುತ್ತೇವೆ. ದ್ವೀಪಗಳ ಮಾತು ಯಾರೂ ಎತ್ತುವುದಿಲ್ಲ.

ವಿಷಯವನ್ನು ಮನೆಯವರಿಗೆ ಹೇಳುವುದು ಡೈವಿಂಗ್‌ಗಿಂತ ಕಷ್ಟದ ಕೆಲಸ. ಅಮ್ಮ ವಿಡಿಯೊ ಕಾಲ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಬರುದು ನಮ್ಮನ್ನು ನೋಡ್ಲಿಕ್ಕಾ, ಮೀನು ನೋಡ್ಲಿಕ್ಕಾ?” ಎಂದರು. ಮಲ್ಪೆಯಲ್ಲಿ ಬೇಕಾದಷ್ಟು ಮೀನು ಸಿಗುತ್ತದೆ, ಅದೂ ಸತ್ತದ್ದು, ಕಚ್ಚುವುದಿಲ್ಲ ಎಂದೂ ಸೇರಿಸಿದರು. ನಗುವ ಮಾತಾದರೂ ಅದರಲ್ಲಿ ನೋವಿತ್ತು. ವರ್ಷವಿಡೀ ಕಾದವರಿಗೆ ಎಂಟು ದಿನ ಸಣ್ಣದಲ್ಲ. ಹೆಚ್ಚು ಹೆದರಿದ್ದು ಮಾವನ ಬಗ್ಗೆ. ಎಪ್ಪತ್ತೊಂಬತ್ತು ವಯಸ್ಸು, ಅತ್ತೆ ಹೋದ ಮೇಲೆ ಒಬ್ಬರೇ ಇದ್ದಾರೆ. ಅವರು ಎಲ್ಲ ಕೇಳಿಕೊಂಡು, “ಕಡಮತ್ತಿಗಾ? ಅಲ್ಲಿಂದ ಬೆಲ್ಲ ಬರ್ತಿತ್ತು ಮಾರಾಯ್ರೆ” ಎಂದುಬಿಟ್ಟರು.

ಮಾವನ ತಂದೆ ಬಂದರಿನ ಹಂಚಿನ ಗೋದಾಮೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಮಳೆಗಾಲ ಕಳೆದು ಓಡಂಗಳು ಬರತೊಡಗಿದರೆ ಶಾಲೆ ಬಿಟ್ಟ ಹುಡುಗರೆಲ್ಲ ಧಕ್ಕೆಗೆ ಓಡುತ್ತಿದ್ದರು. ದ್ವೀಪದವರು ತೆಂಗಿನ ನೀರಾ ಕಾಯಿಸಿ ಮಾಡಿದ ಬೆಲ್ಲವನ್ನು ಮಡಕೆಯಲ್ಲಿ ತರುತ್ತಿದ್ದರು. ಹುಡುಗರಿಗೆ ಬೆರಳಿನಷ್ಟು ನೆಕ್ಕಲು ಸಿಗುತ್ತಿತ್ತು. ಇದನ್ನೆಲ್ಲ ಅವರು ತಮ್ಮ ಮಗಳಿಗೂ ಹಿಂದೆ ಹೇಳಿದವರಲ್ಲ. “ಸಿಕ್ಕಿದ್ರೆ ಸ್ವಲ್ಪ ತನ್ನಿ, ಸಿಗದಿದ್ರೆ ಬೇಡ” ಎಂದು ಫೋನಿಟ್ಟರು. ಅಮ್ಮನಿಗೆ ಕೊಟ್ಟ ಸಮಾಧಾನ ಬೇರೆ: ಮೊದಲ ಎರಡು ದಿನದ ಡೈವಿಂಗ್ ಮುರುಡೇಶ್ವರದಲ್ಲಿ, ಅಮ್ಮನೂ ಮಾವನೂ ನಮ್ಮ ಜೊತೆಗೆ.

ನಮ್ಮ ನಾಲ್ಕು ಡೈವ್‌ಗಳು ಮುಗಿದದ್ದು ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದವರಿಗೆ ಈ ದ್ವೀಪ ಗೊತ್ತಿರುತ್ತದೆ. ಅಮೋಘವರ್ಷ ನಿರ್ದೇಶನದ ಆ ಚಿತ್ರ ಬಿಡುಗಡೆಯಾದದ್ದು 2022ರ ಅಕ್ಟೋಬರ್ 28ರಂದು, ಅಪ್ಪು ತೀರಿಕೊಂಡು ವರ್ಷ ತುಂಬುವ ಮುನ್ನಾದಿನ. ನೇತ್ರಾಣಿ ಜನವಸತಿ ಇಲ್ಲದ ಕಡಿದಾದ ಬಂಡೆಯ ದ್ವೀಪ. ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸುತ್ತ ಬಂದ ಜಾಗ, ಆದ್ದರಿಂದ ಮೇಲೆ ಹತ್ತುವಂತಿಲ್ಲ. ಸುತ್ತಮುತ್ತಲಿನ ಮೀನುಗಾರರು ಹರಕೆ ಹೊರುವ ದ್ವೀಪವೂ ಹೌದು. ದೋಣಿ ಹತ್ತಿರ ಹೋದಾಗ ಬಿಳಿ ಹೊಟ್ಟೆಯ ಕಡಲ ಹದ್ದೊಂದು ನಮ್ಮ ತಲೆಯ ಮೇಲೆ ಎರಡು ಸುತ್ತು ಹಾಕಿತು.

ಆ ನೀರಿನಲ್ಲಿ ಮೊದಲ ಸಲ ಮುಳುಗಿದಾಗ ನನಗೆ ಕಂಡದ್ದು ಹೆಚ್ಚೇನಲ್ಲ. ಕಿವಿ ಒತ್ತುತ್ತಿತ್ತು, ಕನ್ನಡಕದೊಳಗೆ ನೀರು ಬರುತ್ತಿತ್ತು, ಕಣ್ಣು ಗಾಳಿಯ ಮಾಪಕದ ಮೇಲೆಯೇ ಇತ್ತು. ಹೆಂಡತಿ ಮಾತ್ರ ಎಂಟು ಮೀಟರ್ ಆಳದಲ್ಲಿ ಮಂಡಿಯೂರಿ, ಬಂಡೆಯ ಪಕ್ಕದಲ್ಲಿ ಹಳದಿ ಮೀನಿನ ಹಿಂಡೊಂದು ತಿರುಗುವುದನ್ನು ಅಲ್ಲಾಡದೆ ನೋಡುತ್ತಿದ್ದಳು. ನಾವು ದಡಕ್ಕೆ ಬರುವಷ್ಟರಲ್ಲಿ ಅಮ್ಮ ದೇವಸ್ಥಾನಕ್ಕೆ ಎರಡು ಸಲ ಹೋಗಿ ಬಂದಿದ್ದರು. ಮಾವ ಲಿಫ್ಟಿನಲ್ಲಿ ಇಪ್ಪತ್ತು ಅಂತಸ್ತಿನ ರಾಜಗೋಪುರ ಹತ್ತಿ, ನಮ್ಮ ದೋಣಿ ಹೋದ ದಿಕ್ಕನ್ನು ನೋಡುತ್ತ ನಿಂತಿದ್ದರಂತೆ. ಇಬ್ಬರೂ ಬಿಸಿಲಿಗೆ ಕೆಂಪಾಗಿದ್ದರು, ಆದರೆ ದೂರು ಹೇಳಲಿಲ್ಲ.

ಕಡಮತ್‌ಗೆ ಹೋಗುವುದು ಅಷ್ಟು ಸುಲಭವಲ್ಲ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪರವಾನಗಿ ಬೇಕು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು. ನಾವಿಬ್ಬರೂ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಾದ್ದರಿಂದ ಕಾಗದದ ಕೆಲಸ ಅಷ್ಟಕ್ಕೆ ಮುಗಿಯಿತು. ಎರ್ನಾಕುಲಂವರೆಗೆ ರೈಲು, ಅಲ್ಲಿಂದ ಹಡಗು. ಹಡಗಿನ ದಿನ ಒಮ್ಮೆ ಬದಲಾಯಿತು. ಹಾಗಾಗಿ ಮಾವನ ಪಾಲಿನ ಒಂದು ದಿನ ಕೊಚ್ಚಿಯ ಹೋಟೆಲಿನಲ್ಲಿ ಕಳೆಯಿತು. ಹಡಗು ಪ್ರವಾಸಿಗಳಿಗಾಗಿ ಓಡುವುದಲ್ಲ, ದ್ವೀಪದವರ ಬಸ್ಸು ಅದು. ನಮ್ಮ ಸುತ್ತ ಇದ್ದವರು ಆಸ್ಪತ್ರೆಯಿಂದ ಹಿಂದಿರುಗುವವರು, ಕಾಲೇಜಿನ ಮಕ್ಕಳು, ಹೊಸ ಮಿಕ್ಸಿ ಕೊಂಡವರು, ಮಗುವಿನ ತೊಟ್ಟಿಲು ಹಿಡಿದುಕೊಂಡವರು. ಮರುದಿನ ಹಡಗು ಸಮುದ್ರದಲ್ಲೇ ನಿಂತಿತು. ಪಕ್ಕಕ್ಕೆ ಬಂದ ಸಣ್ಣ ದೋಣಿ ಅಲೆಯ ಜೊತೆ ಏರುತ್ತ ಇಳಿಯುತ್ತ ಇತ್ತು. ಅದು ಮೇಲೆ ಬಂದ ಕ್ಷಣ ನೋಡಿ ಕಾಲಿಡಬೇಕು. ನಮಗಿಂತ ಮುಂದೆ ಒಬ್ಬ ಅಜ್ಜಿ, ಒಂದು ಕೈಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡು, ಬಸ್ ಹತ್ತುವ ಹಾಗೆ ದಾಟಿದರು. ಆಮೇಲೆ ನಾವು ಹೆದರುವುದು ಮರ್ಯಾದೆ ಆಗಿರಲಿಲ್ಲ.

ಕಡಮತ್ ಎಂಟೊಂಬತ್ತು ಕಿ.ಮೀ. ಉದ್ದ. ಅಗಲವಾದ ಕಡೆ ಅರ್ಧ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಐದು ಸಾವಿರ ಚಿಲ್ಲರೆ ಜನ. ತೆಂಗಿನ ತೋಟದ ನಡುವೆ ನಿಂತರೆ ಎರಡೂ ಕಡೆಯ ಸಮುದ್ರದ ಸದ್ದು ಕೇಳುತ್ತದೆ. ನೆಲ ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರ ಇದ್ದರೆ ಹೆಚ್ಚು. ಲಕ್ಷದ್ವೀಪದ 36 ದ್ವೀಪಗಳನ್ನು ಒಟ್ಟುಗೂಡಿಸಿದರೂ ನೆಲ 32 ಚದರ ಕಿ.ಮೀ. ಮಾತ್ರ. ಇಡೀ ನೆಲವೇ ಹವಳದ್ದು. ಹವಳ ಎಂದರೆ ಕಲ್ಲಲ್ಲ, ಜೀವಿ. ಅಸಂಖ್ಯ ಸಣ್ಣ ಜೀವಿಗಳು ತಮ್ಮ ಸುತ್ತ ಸುಣ್ಣದ ಗೂಡು ಕಟ್ಟುತ್ತ ಸಾವಿರಾರು ವರ್ಷಗಳಲ್ಲಿ ಎಬ್ಬಿಸಿದ ದಿಬ್ಬ ಅದು. ದ್ವೀಪದ ಪಶ್ಚಿಮಕ್ಕೆ ಆ ದಿಬ್ಬ ಗೋಡೆಯಾಗಿ ನಿಂತು ದೊಡ್ಡ ಅಲೆಗಳನ್ನು ಅಲ್ಲೇ ಒಡೆಯುತ್ತದೆ. ಗೋಡೆಯ ಒಳಗೆ ತಿಳಿ ಹಸಿರು ಬಣ್ಣದ ಆಳವಿಲ್ಲದ ನೀರು. ಅದಕ್ಕೆ ಲಗೂನ್ ಎನ್ನುತ್ತಾರೆ.

ಲಗೂನಿನಲ್ಲಿ ಹುಲ್ಲು ಬೆಳೆಯುತ್ತದೆ, ಸಮುದ್ರದ ಹುಲ್ಲು. ಅದನ್ನು ಮೇಯಲು ಹಸಿರು ಕಡಲಾಮೆಗಳು ಬರುತ್ತವೆ. ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಮುಖ ಮುಳುಗಿಸಿದಾಗಲೇ ಒಂದು ಕಂಡಿತು. ಊಟದ ಮೇಜಿನಷ್ಟು ದೊಡ್ಡದು. ನಮ್ಮ ಕಡೆ ನೋಡಿತು, ಹುಲ್ಲು ಕಿತ್ತು ತಿಂದಿತು, ಮತ್ತೆ ನೋಡಿತು. ಹಟ್ಟಿಯ ದನ ನೋಡುವ ಹಾಗೆಯೇ. ಹೊರಗಿನ ಗೋಡೆಯ ಕಡೆ ಹದಿನೆಂಟು ಮೀಟರ್‌ವರೆಗೆ ಹೋದೆವು, ನಮ್ಮ ದರ್ಜೆಯವರಿಗೆ ಅದೇ ಮಿತಿ. ಅಲ್ಲಿ ಚುಕ್ಕೆ ಚುಕ್ಕೆಯ ತೊರಕೆ ಮೀನೊಂದು ಹದ್ದಿನ ಹಾಗೆ ರೆಕ್ಕೆ ಬಡಿಯುತ್ತ ದಾಟಿ ಹೋಯಿತು. ಬಂಡೆಯ ಅಡಿಯಲ್ಲಿ ಬಿಳಿ ತುದಿಯ ರೆಕ್ಕೆಯ ಶಾರ್ಕ್, ನಮ್ಮ ಕಡೆಯ ಮಾತಿನಲ್ಲಿ ತಾಟೆ, ನಾಯಿಯ ಹಾಗೆ ಮಲಗಿತ್ತು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಣ್ಣ ಮಾಯವಾಗುತ್ತದೆ. ಟಾರ್ಚ್ ಬಿಟ್ಟರೆ ಮಾತ್ರ ಬೂದಿ ಬಣ್ಣದ ಮೀನು ಥಟ್ಟನೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಕೆಳಗೆ ಸದಾ ಕರಕರ ಸದ್ದು. ಗಿಳಿಮೀನುಗಳು ಕೊಕ್ಕಿನಂಥ ಬಾಯಿಯಿಂದ ಹವಳ ಕೆರೆದು ತಿನ್ನುವ ಸದ್ದು ಅದು. ತಿಂದ ಸುಣ್ಣ ಹಿಂದಿನಿಂದ ಮರಳಾಗಿ ಬೀಳುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೊ ಮರಳು ಮಾಡುತ್ತದಂತೆ. ನಾವು ಚಾಪೆ ಹಾಸಿ ಕೂತ ಬಿಳಿ ಮರಳಿನ ಮೂಲ ಇದು ಎಂದು ಅಮ್ಮನಿಗೆ ಹೇಳಿದಾಗ, “ಶೀ” ಎಂದರು.

ಆದರೆ ಕಂಡದ್ದೆಲ್ಲ ಚಂದದ್ದಲ್ಲ. ಹೊರಗೋಡೆಯಲ್ಲಿ ಉದ್ದಕ್ಕೂ ಸತ್ತ ಹವಳದ ತೇಪೆಗಳಿದ್ದವು. ಮುರಿದ ಕೊಂಬೆಗಳ ರಾಶಿ, ಮೇಲೆ ಪಾಚಿ. ಹವಳದ ಜೀವಿಯೊಳಗೆ ಒಂದು ಬಗೆಯ ಪಾಚಿ ಇರುತ್ತದೆ. ಹವಳಕ್ಕೆ ಬಣ್ಣವೂ ಹೆಚ್ಚಿನ ಅನ್ನವೂ ಅದರಿಂದಲೇ. ಸಮುದ್ರ ಮಾಮೂಲಿಗಿಂತ ಒಂದು ಡಿಗ್ರಿಯಷ್ಟು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಹವಳವನ್ನು 1998ರಿಂದ 24 ವರ್ಷ ಅಳೆದಿದ್ದಾರೆ. ಆಗ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ಕ್ಕಿಂತ ಕೆಳಗೆ ಬಂದಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಅರ್ಧಕ್ಕಿಳಿದರೆ ನಾವು ಕಂಪನಿಯ ಬಾಗಿಲು ತಟ್ಟುತ್ತೇವೆ. ಇಲ್ಲಿ ಹವಳವೇ ಅಲೆಗೆ ತಡೆ, ಮೀನಿಗೆ ಮನೆ, ನೆಲಕ್ಕೆ ಮಣ್ಣು. ಅದು ಹೋದರೆ ದ್ವೀಪದವರು ಯಾವ ಬಾಗಿಲು ತಟ್ಟಬೇಕು?

ಆಮೆಯ ವಿಷಯದಲ್ಲೂ ಅಷ್ಟೆ. ಕಾನೂನಿನ ರಕ್ಷಣೆಯಲ್ಲಿ ಆಮೆಗಳಿವೆ, ಅದು ಒಳ್ಳೆಯದೇ. ಆದರೆ ಅಗತ್ತಿಯ ಲಗೂನಿನಲ್ಲಿ ಅವು ಹೆಚ್ಚಾಗಿ ಹುಲ್ಲುಗಾವಲನ್ನೇ ಬೋಳು ಮಾಡಿದವು. ಹುಲ್ಲಿನಲ್ಲಿ ಬೆಳೆಯುವ ಮೀನು ಕಡಿಮೆಯಾಯಿತು, ಮೀನುಗಾರರಿಗೆ ಆಮೆಯ ಮೇಲೆ ಸಿಟ್ಟು ಬಂತು. ಆಮೆಗಳು ಬೇರೆ ಲಗೂನುಗಳ ಕಡೆ ಹೊರಟವು. ನಮಗೆ ಫೋಟೊ, ಅವರಿಗೆ ಸಾರಿನ ಮೀನು. ಅಲ್ಲಿಯ ಹುಡುಗನೊಬ್ಬ ಇದನ್ನು ಹೇಳಿದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವರ ಮುಖ್ಯ ಸಂಪಾದನೆ ಹೊರಸಮುದ್ರದ ಟ್ಯೂನಾ, ನಮ್ಮವರು ಕೇದರ ಎನ್ನುವ ಮೀನು. ಅದನ್ನು ಬಲೆಯಿಂದಲ್ಲ, ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ.

ಮೂರನೆಯ ಸಂಜೆ ಫೋನು ಬಂತು. ಮಂಗಳೂರಿನ ಪಕ್ಕದ ಮನೆಯವರು. ಮಾವನಿಗೆ ತಲೆ ತಿರುಗಿ ಬಚ್ಚಲಿನಲ್ಲಿ ಕೂತುಬಿಟ್ಟಿದ್ದರಂತೆ. ಬಿಪಿ ಏರಿತ್ತು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆವು, ಈಗ ಪರವಾಗಿಲ್ಲ ಎಂದರು. ಅಷ್ಟು ಹೇಳುವಷ್ಟರಲ್ಲಿ ಲೈನ್ ಕಡಿಯಿತು. ಮತ್ತೆ ಸಿಕ್ಕಿದ್ದು ಎರಡು ಗಂಟೆ ಬಿಟ್ಟು. ಆ ಎರಡು ಗಂಟೆ ಹೆಂಡತಿ ಜೆಟ್ಟಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳು. ಸೌತ್‌ಹಾಲ್‌ನಿಂದ ಹೊರಟರೆ ಒಂದು ದಿನದೊಳಗೆ ಮಂಗಳೂರು ಮುಟ್ಟಬಹುದು, ಹೀಥ್ರೂ ನಮಗೆ ಅಷ್ಟು ಹತ್ತಿರ. 300 ಕಿ.ಮೀ. ಒಳಗಿರುವ ಕಡಮತ್‌ನಿಂದ ಮುಂದಿನ ಹಡಗು ಎರಡು ದಿನ ಬಿಟ್ಟು, ಅದೂ ಕೊಚ್ಚಿಗೆ, ಅಲ್ಲಿಂದ ರೈಲು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳೂ ಅದೇ ಲೆಕ್ಕ ಹಾಕಿದ್ದಳು ಎಂದು ಗೊತ್ತಿತ್ತು. 2021ರ ಮೇ ತಿಂಗಳ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಕೊನೆಗೆ ಮಾವನೇ ಫೋನಿಗೆ ಬಂದರು. ಮಗಳು ಅಳುತ್ತ ನಾಳೆಯೇ ಹೊರಡುತ್ತೇವೆ ಎಂದಾಗ ಅವರು, “ನೀನು ಬಂದು ಏನು ಮಾಡ್ಲಿಕ್ಕುಂಟು? ಮಾತ್ರೆ ನಾನೇ ನುಂಗ್ಬೇಕಲ್ಲ. ಬೆಲ್ಲ ಸಿಕ್ಕಿತಾ?” ಎಂದರು. ಮರುದಿನ ನಾವು ನೀರಿಗಿಳಿಯಲಿಲ್ಲ. ಮನಸ್ಸು ಸರಿಯಿಲ್ಲದ ದಿನ ಡೈವ್ ಮಾಡಬಾರದು ಎಂದು ಲಂಡನ್ನಿನ ಪಾಠದಲ್ಲೂ ಹೇಳಿದ್ದರು, ಕಡಮತ್‌ನ ಶಿಕ್ಷಕನೂ ಅದನ್ನೇ ಹೇಳಿದ.

ಹಾಗೆ ಬೆಲ್ಲ ಹುಡುಕುತ್ತ ಊರೊಳಗೆ ನಡೆದೆವು. ಹೆಂಡತಿಗೆ ಆಸ್ಪತ್ರೆಯ ಮಲಯಾಳಿ ನರ್ಸ್‌ಗಳ ಸಹವಾಸದಿಂದ ಮಲಯಾಳ ಬರುತ್ತದೆ. ಅಲ್ಲಿಯ ಮಾತು ಮಲಯಾಳದ್ದೇ ಒಂದು ರೂಪ, ಜೆಸರಿ ಎನ್ನುತ್ತಾರೆ, ಅರ್ಧ ತಿಳಿಯಿತು. ಒಂದು ಮನೆಯ ಜಗಲಿಯಲ್ಲಿ ಎಂಬತ್ತು ದಾಟಿದ ಅಜ್ಜ ಹಗ್ಗ ಹೊಸೆಯುತ್ತ ಕೂತಿದ್ದರು. ಮಂಗಳೂರಿನವರು ಎಂದ ಕೂಡಲೇ ಹಗ್ಗ ಬದಿಗಿಟ್ಟರು. ಹುಡುಗನಾಗಿದ್ದಾಗ ತಂದೆಯ ಜೊತೆ ಓಡಂನಲ್ಲಿ ‘ಮಂಗಲಾಪುರ’ಕ್ಕೆ ಬಂದಿದ್ದರಂತೆ. ಗಾಳಿ ಒಲಿದರೆ ಬೇಗ, ಇಲ್ಲದಿದ್ದರೆ ದೇವರೇ ಗತಿ. ಎಲ್ಲಕ್ಕಿಂತ ನೆನಪಿರುವುದು ಕೆಂಪು ಹಂಚಿನ ಮಾಡುಗಳಂತೆ. ಮರಳು, ತೆಂಗು, ನೀರು ಬಿಟ್ಟರೆ ಬೇರೆ ಬಣ್ಣ ಕಾಣದ ಹುಡುಗನಿಗೆ ಇಡೀ ಊರು ಕೆಂಪಾಗಿ ಕಂಡಿತ್ತು. ಅವರ ಸೊಸೆಯ ಆಪರೇಶನ್ ಆದದ್ದೂ ಮಂಗಳೂರಿನ ಆಸ್ಪತ್ರೆಯಲ್ಲಿ. ಅವರ ಪಾಲಿಗೆ ನಮ್ಮ ಊರು ಇವತ್ತಿಗೂ ಆಚೆ ದಡ. ಆ ಮನೆಯಿಂದಲೇ ಎರಡು ಬಾಟಲಿ ಬೆಲ್ಲ ಸಿಕ್ಕಿತು. ದುಡ್ಡು ಒಂದಕ್ಕೆ ಮಾತ್ರ ತೆಗೆದುಕೊಂಡರು. ಅದು ಗಟ್ಟಿ ಅಚ್ಚಲ್ಲ, ಕಾಕಂಬಿಯ ಹಾಗೆ ಕಪ್ಪಗೆ ದಪ್ಪಗೆ ಹರಿಯುವಂಥದ್ದು. ಲಂಡನ್ನಿನ ಸ್ವೆಟರ್‌ನಲ್ಲಿ ಸುತ್ತಿ ತಂದೆವು.

ಮಂಗಳೂರಿನಲ್ಲಿ ಮಾವ ಬಾಗಿಲಿಗೆ ಬಂದು ನಿಂತಿದ್ದರು, ಸ್ವಲ್ಪ ಸೊರಗಿದ್ದರು. ಬಾಟಲಿ ತೆರೆದು ಮೂಸಿ ನೋಡಿದರು. ಬಿಪಿ, ಸಕ್ಕರೆ ಎಂದು ಮಗಳು ತಡೆಯುವಷ್ಟರಲ್ಲಿ ಬೆರಳು ಅದ್ದಿ ಆಗಿತ್ತು. ಅದೇ ರುಚಿಯೇ ಎಂದು ಕೇಳಿದೆ. “ಇಲ್ಲ, ಆಗ ಹೊಗೆಯ ವಾಸನೆ ಇರ್ತಿತ್ತು” ಎಂದರು. ಉಳಿದ ದಿನಗಳಲ್ಲಿ ಒಂದು ಸಂಜೆ ಅವರನ್ನು ಹಳೆ ಬಂದರಿಗೆ ಕರೆದುಕೊಂಡು ಹೋದೆವು. ಸರಕಿನ ಹಡಗೊಂದಕ್ಕೆ ಜಲ್ಲಿ, ಸಿಮೆಂಟು, ಈರುಳ್ಳಿ ಚೀಲ ತುಂಬುತ್ತಿದ್ದರು. ಎಲ್ಲಿಗೆ ಎಂದು ಮಾವ ವಿಚಾರಿಸಿದರು. ಅಂದ್ರೋತ್‌ಗೆ ಎಂದರು. ಮಾವ ಹಡಗನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಂಜಿಯಲ್ಲಿ ಹಂಚು ಹೇಗೆ ಜೋಡಿಸುತ್ತಿದ್ದರು, ಎಷ್ಟು ಒಡೆಯುತ್ತಿತ್ತು, ಒಡೆದ ಹಂಚಿನ ಲೆಕ್ಕವನ್ನು ಅವರ ತಂದೆ ಯಾವ ಪುಸ್ತಕದಲ್ಲಿ ಬರೆಯುತ್ತಿದ್ದರು ಎಂಬುದನ್ನೆಲ್ಲ ನನಗೆ ವಿವರಿಸಿದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಅತಿ ಉದ್ದದ ಮಾತುಕತೆ ಅದು.

ಈ ಸಲದ ರಜೆಗೆ ಮಾವ ಲಂಡನ್ನಿಗೆ ಬರಲು ಒಪ್ಪಿದ್ದಾರೆ, ವೀಸಾ ಅರ್ಜಿ ಹಾಕಿದ್ದೇವೆ. ಅಮ್ಮ ಇನ್ನೂ ಒಪ್ಪಿಲ್ಲ. ಚಳಿಯಂತೆ.

ಹೋಗುವ ಮನಸ್ಸಿರುವವರಿಗೆ ಒಂದಿಷ್ಟು ವಿವರ. ನೇತ್ರಾಣಿಗೆ ಮಳೆಗಾಲ ಬಿಟ್ಟು ಸುಮಾರು ಅಕ್ಟೋಬರ್‌ನಿಂದ ಮೇವರೆಗೆ ದೋಣಿ ಹೋಗುತ್ತದೆ. ಈಜು ಬಾರದವರನ್ನೂ ಶಿಕ್ಷಕರು ಕೈಹಿಡಿದು ಕೆಲವು ಮೀಟರ್ ಇಳಿಸಿ ತೋರಿಸುತ್ತಾರೆ. ಲಕ್ಷದ್ವೀಪಕ್ಕೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ 2024ರ ಮಾರ್ಚ್ ಕೊನೆಯಲ್ಲಿ ಶುರುವಾಯಿತು, ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಎಲ್ಲ ದ್ವೀಪಗಳಿಗೆ ಪ್ರವೇಶವಿಲ್ಲ. ಒಸಿಐ ಕಾರ್ಡ್ ಇದ್ದರೂ ನಿರ್ಬಂಧಿತ ಪ್ರದೇಶಕ್ಕೆ ಪ್ರತ್ಯೇಕ ಅನುಮತಿ ಬೇಕು, ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಪ್ರವಾಸದ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಮೀಟರ್‌ವರೆಗೆ ಎಂದು ಓದಿ ನೋಡಿ. ದ್ವೀಪದಲ್ಲಿ ದೊಡ್ಡ ತೊಂದರೆಯಾದರೆ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಗುತ್ತದೆ. ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ, ವನ್ಯಜೀವಿ ಕಾಯ್ದೆಯಡಿ ಅಪರಾಧ. ಹಲವು ದಿನ ಡೈವ್ ಮಾಡಿದವರು ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ಕಳೆಯುವವರೆಗೆ ವಿಮಾನ ಹತ್ತಬಾರದು, ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಅಷ್ಟು ಸಮಯ ಬೇಕು. ನಾವು ಹಡಗಿನಲ್ಲಿ ಬಂದಿದ್ದರಿಂದ ಆ ಗಂಟೆಗಳು ದಾರಿಯಲ್ಲೇ ಕಳೆದವು.